ನಮ್ಮ ಮನೆ ಬಿಟ್ಟು ಹೋಗದ ಜೋಳಿಗೆ

ಅಯ್ಯನವರ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಜೋಳಿಗೆಯ ಪಟ್ಟಿ ಕೂತು ಕೂತು ಅಲ್ಲೊಂದು ತಗ್ಗು ಬಿದ್ದಿತ್ತು. ಮಳೆಯಲ್ಲಿ ನೆನೆದು ಬಂದ ದಿನ ಆ ತಗ್ಗಿನಲ್ಲಿ ಒಂದು ಚಮಚ ನೀರು ನಿಲ್ಲುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನಾನೂ ಯಾರ ಮಾತನ್ನೂ ಹಾಗೆ ನಂಬುವವಳಲ್ಲ. ಬೇರೆಯವರು ಅವರ ಹಣೆಯ ವಿಭೂತಿ ನೋಡಿ ಕೈಮುಗಿಯುತ್ತಿದ್ದರು. ನಾನು ಹೆಗಲು ನೋಡುತ್ತಿದ್ದೆ. ಹೆಗಲು ಇಷ್ಟು ಇಳಿಯಬೇಕಾದರೆ ಎಷ್ಟು ಹಿಟ್ಟು ಹೊತ್ತಿರಬೇಕು? ಅಷ್ಟು ಹಿಟ್ಟು ಒಬ್ಬ ಮನುಷ್ಯನ ಹೊಟ್ಟೆಗೆ ಬೇಕೆ? ಬೇಡವಾದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ?

ನನ್ನದು ಹುಣಸೆಹಣ್ಣಿನ ವ್ಯಾಪಾರ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ಕಾಯಿ ಮರದ ಮೇಲಿರುವಾಗಲೇ ಬೆಲೆ ಮಾತಾಡಿ, ಕೋಲಿನಿಂದ ಬಡಿದು ಉದುರಿಸಿ, ಬೀಜ ಬಿಡಿಸಿ ಮಾರುತ್ತೇನೆ. ಯಾರ ಆಸರೆಯೂ ಇಲ್ಲದೆ ಮೇಲೆ ಬಂದವಳು. ಈ ದಂಧೆ ಕಲಿಸುವ ಮೊದಲ ಪಾಠವೇ ಅನುಮಾನ. ಉಪ್ಪುನೀರು ಚಿಮುಕಿಸಿ ಹಣ್ಣಿನ ತೂಕ ಏರಿಸುವವರಿದ್ದಾರೆ. ಮೂಟೆಯ ಬಾಯಲ್ಲಿ ಹೊಸ ಹಣ್ಣು, ಹೊಟ್ಟೆಯಲ್ಲಿ ಹೋದ ವರ್ಷದ್ದು ತುಂಬುವವರಿದ್ದಾರೆ. ಅದಕ್ಕೇ ನಾನು ಮೂಟೆ ಬಿಚ್ಚಿದರೆ ಮೊದಲು ತಳಕ್ಕೆ ಕೈ ಹಾಕುತ್ತೇನೆ. ನೀವು ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಾದರೆ ಇದೊಂದು ಮಾತು ನೆನಪಿಡಿ: ತುಂಬ ಕೊಡುವವನಿಗಿಂತ ಸ್ವಲ್ಪವೇ ಕೇಳುವವನ ಮೇಲೆ ಹೆಚ್ಚು ಕಣ್ಣಿಡಿ. ಅವನ ಮನಸ್ಸಿನಲ್ಲಿ ಏನೋ ದೊಡ್ಡದಿರುತ್ತದೆ.

ಅಯ್ಯನವರು ಸ್ವಲ್ಪವೇ ಕೇಳುವವರು. ಒಂದು ಹಿಡಿ ಹಿಟ್ಟು, ಅಷ್ಟೆ.

ತಿಪ್ಪಸಂದ್ರದ ಕಡೆ ಒಂದು ಬಂಡೆಯ ಬುಡದಲ್ಲಿ ಹಿಂದೆ ಯಾರೋ ಗುರುಗಳು ಐಕ್ಯರಾದ ಸಣ್ಣ ಗದ್ದುಗೆ ಇದೆ. ಅದರ ಪೂಜೆ ಇವರದು. ಸೋಮವಾರ ಬೆಳಿಗ್ಗೆ ಮೊಣಕಾಲ ಕೆಳಗೆ ಗೆಜ್ಜೆಯಂಥ ಜಂಗು ಕಟ್ಟಿಕೊಂಡು, ಜೋಳಿಗೆ ಹಾಕಿಕೊಂಡು ಸುತ್ತಲ ಊರುಗಳಲ್ಲಿ ಭಿಕ್ಷೆ ಎತ್ತುತ್ತಿದ್ದರು. ಒಂದೊಂದು ಮನೆಯಲ್ಲಿ ಒಂದೊಂದು ಹಿಡಿ. ಮಧ್ಯಾಹ್ನ ಆ ಹಿಟ್ಟಿನಲ್ಲೇ ಮುದ್ದೆ ಕಟ್ಟಿ ಗದ್ದುಗೆಗೆ ಎಡೆ. ಹಿಟ್ಟು ಹಾಕಿದವರಿಗೆ "ಒಳ್ಳೇದಾಗಲಿ" ಎಂದೂ ಅನ್ನುತ್ತಿರಲಿಲ್ಲ. ಜೋಳಿಗೆಯ ಬಾಯಿ ಮಡಚುತ್ತಾ "ಸೇರ್ತು ಕಣವ್ವ" ಅನ್ನುವರು, ಮುಂದಿನ ಬಾಗಿಲಿಗೆ ಹೋಗುವರು. ಆಶೀರ್ವಾದ ಮಾಡದ ಅಯ್ಯನವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನನಗದೂ ಒಂದು ಅನುಮಾನ.

ನಮ್ಮ ಮನೆ ಊರ ಕೊನೆಯಲ್ಲಿತ್ತು. ಮನೆ ಅಂದರೆ ಒಂದು ಗೋಡೆ ಇನ್ನೊಬ್ಬರ ಕೊಟ್ಟಿಗೆಯದು, ಉಳಿದ ಮೂರು ನಮ್ಮವು. ಅಪ್ಪ ಅನ್ನಿಸಿಕೊಂಡವನು ನಾನು ಹುಟ್ಟಿದ ವರ್ಷವೇ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿದ್ದ. ಅವ್ವ ಕೂಲಿಗೆ ಹೋಗಿ ನನ್ನನ್ನು ಸಾಕಿದಳು. ಊರಹಬ್ಬ ಬಂದರೆ ಮುಖಂಡರು ಮನೆಮನೆಗೆ ಹೋಗಿ ವಂತಿ ಎತ್ತುತ್ತಿದ್ದರು. ವಂತಿ ಅಂದರೆ ಪ್ರತಿ ಮನೆಯ ಪಾಲು. ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ. ಹಿಂದಿನ ಮನೆಯ ತನಕ ಬಂದು ತಿರುಗಿಕೊಳ್ಳುವರು. ಗಂಡಸಿಲ್ಲದ ಮನೆ ಒಕ್ಕಲಲ್ಲ ಅಂತ ಲೆಕ್ಕ. "ಬುಡು, ಪಾಪ, ಅದೇನ್ ಕೊಟ್ಟಾಳು" ಅಂದದ್ದು ನಮಗೂ ಕೇಳಿಸುತ್ತಿತ್ತು. ಕರುಣೆಯ ಮಾತೇ. ಆದರೆ ವಂತಿ ಕೊಡದ ಮನೆಗೆ ಹಬ್ಬದ ಪಾಲೂ ಇಲ್ಲ. ಮುಖಂಡರು ತಿರುಗಿಹೋದ ದಿನ ಅವ್ವ ಒಲೆ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ಒಮ್ಮೆ ನಾನು ಕೇಳಿದೆ, "ದೇವ್ರು ನಮ್ಮನ್ನ ಮರ್ತ್ಬುಟ್ಟವ್ನಾ ಅವ್ವ?"

"ಮರೀಬೇಕು ಅಂದ್ರೂ ಮದ್ಲು ಗೊತ್ತಿರ್ಬೇಕಲ್ಲ ಕಣಮ್ಮಿ," ಅಂದಳು.

ಇಂಥ ಮನೆಯ ಮುಂದೆ ಅಯ್ಯನವರು ಪ್ರತಿ ಸೋಮವಾರ ಬಂದು ನಿಲ್ಲುತ್ತಿದ್ದರು. ಬೇರೆ ಮನೆಗಳ ಮುಂದೆ ಒಂದು ಸಲ ಜಂಗು ಆಡಿಸಿದರೆ ಯಾರಾದರೂ ಹಿಟ್ಟು ತರುವರು. ನಮ್ಮಲ್ಲಿ ಅವ್ವ ಬೇಕೆಂದೇ ತಡಮಾಡುತ್ತಿದ್ದಳು, ಕಾದು ಬೇಸತ್ತು ಹೋಗಲಿ ಎಂದು. ಇವರು ಹೋಗುತ್ತಿರಲಿಲ್ಲ. ನಿಂತೇ ಇರುವರು. ಊರಿನ ಹೆಂಗಸರು ಸುಮ್ಮನಿರುತ್ತಾರೆಯೇ? ನೀರಿನ ಹತ್ತಿರ ಒಬ್ಬಳು ನನ್ನ ಎದುರಿಗೇ ಹೇಳಿದಳು, "ಅಯ್ನೋರ್ ಜಂಗು ಎಲ್ರ ಮನೆ ಮುಂದೆ ಒಂದ್ ಸಲ ಅಲ್ಲಾಡಿದ್ರೆ ಇವ್ರ ಮನೆ ಮುಂದೆ ಹತ್ ಸಲ ಅಲ್ಲಾಡ್ತದೆ. ಹಿಟ್ಟಿನ ರುಚಿ ಹಂಗೈತೇನೋ!" ಎಲ್ಲರೂ ನಕ್ಕರು. ನನಗಾಗ ಹನ್ನೆರಡು ವರ್ಷ. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಅವ್ವನನ್ನು ನೇರವಾಗಿ ಕೇಳಿದೆ.

ಅವ್ವ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. "ಅವ್ರು ನನ್ ಮುಖ ಯಾವತ್ತ್ ನೋಡವ್ರೆ? ನನ್ ಕೈ ನೋಡ್ತರೆ, ಹಿಡಿ ತುಂಬಿದ್ಯಾ ಅಂತ. ಹೋಗು, ಕೊಡ ತತ್ತಾ," ಅಂದಳು.

ಅದರ ಮುಂದಿನ ಮಳೆಗಾಲ ಕೂಲಿ ಇರಲಿಲ್ಲ. ಒಂದು ಸೋಮವಾರ ಮನೆಯಲ್ಲಿ ಹಿಟ್ಟು ಇರಲಿಲ್ಲ. ಜಂಗಿನ ಸದ್ದು ಕೇಳಿ ಅವ್ವ ಬಾಗಿಲು ಹಾಕಿ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಅಯ್ಯನವರು ಬಂದು ನಿಂತರು. ಜಂಗು ಆಡಿತು, ನಿಂತಿತು, ಮತ್ತೆ ಆಡಿತು.

"ಒಳಗಿದ್ದೀಯ ಅಂತ ಗೊತ್ತು ಕಣವ್ವ. ಹೊಗೆ ಬತ್ತಾ ಐತೆ."

ಬರಿ ನೀರು ಕಾಯಿಸಲು ಹಚ್ಚಿದ ಒಲೆ ಅದು. ಅವ್ವನಿಗೆ ರೇಗಿತು. ಬಾಗಿಲು ತೆಗೆದು, "ಇರೋರ ಮನೆ ಕಡೀಕೆ ಹೋಗಿ ಬುದ್ದಿ! ಬೀಸೋಕಲ್ಲು ತಿರುಗಿ ಎರಡ್ ದಿನ ಆಯ್ತು. ಇಲ್ದೋರ್ ತಾವ ಕೇಳಾಕೆ ನಿಮ್ಗಾದ್ರೂ ಹೆಂಗ್ ಬಾಯ್ ಬತ್ತದೆ?" ಅಂದಳು.

"ಕಲ್ಲಿನ ಸುತ್ತ ಒಸಿ ಮೆತ್ಕಂಡಿರ್ತದಲ್ಲ. ಅದ್ನ ಗುಡಿಸಿ ಕೊಡವ್ವ," ಅಂದರು ಅಯ್ಯನವರು. ದನಿಯಲ್ಲಿ ಕರುಣೆಯೂ ಇಲ್ಲ, ಬೇಸರವೂ ಇಲ್ಲ.

ಅವ್ವ ಒಳಗೆ ಬಂದು ತೆಂಗಿನ ನಾರಿನಿಂದ ಬೀಸುವ ಕಲ್ಲಿನ ಸಂದಿಯನ್ನೆಲ್ಲ ಸವರಿದಳು. ಹಿಡಿಯಲ್ಲ, ಚಿಟಿಕೆ ಸಿಕ್ಕಿತು. ತಂದು ಜೋಳಿಗೆಗೆ ಹಾಕಿದಳು. "ಸೇರ್ತು ಕಣವ್ವ," ಅಂದರು. ನಾಲ್ಕು ಹೆಜ್ಜೆ ಹೋಗಿ, ಹಿಂತಿರುಗದೆಯೇ, "ಹಿಟ್ಟು ಕೊಟ್ಟಿದ್ದೀಯ. ಮಧ್ಯಾಹ್ನ ಬಂದು ಉಣ್ಣು. ನಿನ್ ಮಗ್ಳನ್ನೂ ಕರ್ಕಬಾ," ಅಂದರು.

ಗದ್ದುಗೆಯಲ್ಲಿ ಸೋಮವಾರ ಊಟವಿರುವುದು ಊರಿಗೆಲ್ಲ ಗೊತ್ತಿತ್ತು. ಅವ್ವ ಒಂದು ದಿನವೂ ಹೋದವಳಲ್ಲ. ಬಿಟ್ಟಿ ಊಟಕ್ಕೆ ಬಂದವಳು ಅಂದಾರು ಎಂದು. ಅವತ್ತು ಹೋದಳು, ಒಗೆದ ಸೀರೆ ಉಟ್ಟು ಹೋದಳು. ಸಾಲಿನಲ್ಲಿ ಕೂತಾಗ ನೀರಿನ ಹತ್ತಿರ ನಕ್ಕಿದ್ದ ಹೆಂಗಸು ಎದುರಿಗೇ ಇದ್ದಳು. ಅವ್ವ ಅವಳನ್ನು ನೋಡಿ, ಯಾರೂ ಕೇಳದಿದ್ದರೂ, "ನಮ್ದೂ ಹಿಟ್ಟು ಸೇರೈತೆ," ಅಂದಳು.

ಇದನ್ನು ಓದಿ ನನಗೆ ಆವತ್ತೇ ಕಣ್ಣು ತೆರೆಯಿತು ಅಂದುಕೊಳ್ಳಬೇಡಿ. ನನಗೆ ಅವತ್ತು ಬಂದದ್ದು ಸಿಟ್ಟು. ಹಸಿದವರ ಮನೆಯ ಕಲ್ಲು ಗುಡಿಸಿಕೊಂಡು ಹೋಗುವ ಇವನೆಂಥ ಅಯ್ಯ ಎಂಬ ಸಿಟ್ಟು. ಊಟ ಹಾಕುವವನಾದರೆ ಸುಮ್ಮನೆ ಹಾಕಬಾರದೆ? ಆ ಸಿಟ್ಟು ನನ್ನ ಜೊತೆಯಲ್ಲೇ ಬೆಳೆಯಿತು. ಹುಣಸೆಮರದ ಕೆಳಗೆ ಕಾಯಿ ಆಯುವ ಕೂಲಿಯಿಂದ ಮರದ ಫಸಲು ಮಾತಾಡುವ ತನಕ ಬಂದೆ. ಬಿಡದಿಯಲ್ಲಿ ಜಾಗ ಮಾಡಿ ಗೋಡೌನ್ ಹಾಕಿದೆ. ಮದುವೆ, ಮಕ್ಕಳು ಎಲ್ಲ ಆಯಿತು. ಅವ್ವನನ್ನು ಅಲ್ಲಿಗೇ ಕರೆತಂದೆ.

ಒಂದು ಶನಿವಾರ ಬೆಳಿಗ್ಗೆ ಗೋಡೌನ್ ಮುಂದೆ ಜಂಗಿನ ಸದ್ದು ಕೇಳಿಸಿತು.

ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಜನ ಬಿಡದಿಯಲ್ಲಿ ರೂಮು ಮಾಡಿಕೊಂಡಿದ್ದರು. ಹಳ್ಳಿಯಲ್ಲಿ ಬಾಗಿಲು ಕಡಿಮೆಯಾದವು. ಬಾಗಿಲುಗಳು ಎಲ್ಲಿಗೆ ಹೋದವೋ ಅಲ್ಲಿಗೆ ಅಯ್ಯನವರು ಶನಿವಾರದ ಬಸ್ಸು ಹಿಡಿದು ಬರಲು ಶುರು ಮಾಡಿದ್ದರು. ಅವ್ವ ಮಗುವಿನ ಹಾಗೆ ಓಡಿ ಹೋಗಿ ಹಿಟ್ಟು ಹಾಕಿದಳು. "ಸೇರ್ತು ಕಣವ್ವ." ನಾನು ಹುಣಸೆ ಮೂಟೆಯ ಮೇಲೆ ಕೂತು ನೋಡುತ್ತಿದ್ದೆ. ಇಷ್ಟು ದೂರ ಬಸ್ಸಿನಲ್ಲಿ ಬಂದು ಒಂದು ಹಿಡಿ ಹಿಟ್ಟೇ? ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಇದರಲ್ಲೇನೋ ಇದೆ.

ಅವ್ವ ತೀರಿಕೊಂಡ ಮೇಲಿನ ಮೊದಲ ಶನಿವಾರವೂ ಬಂದರು. ಸಮಾಧಾನದ ಮಾತೊಂದೂ ಇಲ್ಲ. "ಅವ್ವಂದು ಮುಗೀತು. ಇನ್ಮೇಲೆ ನಿಂದು," ಅಂದರು.

ಸರಿ, ಪರೀಕ್ಷೆ ಮಾಡಿಯೇಬಿಡೋಣ ಎಂದು ಮುಂದಿನ ವಾರ ಇಡೀ ಒಂದು ಮೂಟೆ ರಾಗಿಹಿಟ್ಟು ತರಿಸಿಟ್ಟೆ. "ತಿಂಗ್ಳಿಗೊಂದ್ ಮೂಟೆ ಗದ್ದುಗೆಗೇ ಕಳಿಸ್ತೀನಿ. ಈ ವಯಸ್ನಲ್ಲಿ ಅಲೀಬೇಡಿ ಬುದ್ದಿ," ಅಂದೆ. ಉಪಕಾರ ಅಂದುಕೊಳ್ಳಬೇಡಿ, ಇದು ವ್ಯಾಪಾರದ ವರಸೆ. ಎದುರಿನವನ ಆಸೆ ಎಷ್ಟು ಎಂದು ತಿಳಿಯಬೇಕಾದರೆ ಅವನು ಕೇಳಿದ್ದಕ್ಕಿಂತ ಹೆಚ್ಚು ಮುಂದಿಡಬೇಕು.

ಅಯ್ಯನವರು ಮೂಟೆಯನ್ನು ನೋಡಿ, "ಮೂಟೆ ಅಂಗ್ಡಿಯೋನೂ ಕೊಡ್ತನೆ. ನಿನ್ ಕೈಯಿಂದ ಒಂದ್ ಹಿಡಿ ತಕ್ಕೊಡು," ಅಂದರು. ಅದರಲ್ಲೇ ಒಂದು ಹಿಡಿ ಕೊಟ್ಟೆ. "ಸೇರ್ತು."

ಮೊದಲ ಮಾತಿಗೆ ಬೇಡ ಅನ್ನುವವನು ಎರಡನೆಯದಕ್ಕೆ ಕಾಯುತ್ತಾನೆ ಎಂಬುದು ನನ್ನ ಅನುಭವ. ನಾನೂ ಕಾದೆ. ಒಂದು ಸುಗ್ಗಿ ಹೋಯಿತು, ಇನ್ನೊಂದು ಹೋಯಿತು. ಅವರು ಕೇಳಿದ್ದನ್ನು ಏರಿಸಲೇ ಇಲ್ಲ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಏರಿಸದ ಮನುಷ್ಯ ಅವರೊಬ್ಬರೇ. ಅದು ನನ್ನ ಅನುಮಾನವನ್ನು ಕರಗಿಸಬೇಕಿತ್ತು. ಬದಲಿಗೆ ಗಟ್ಟಿ ಮಾಡಿತು.

ನಮ್ಮ ಗೋಡೌನ್ ಹಿಂದೆ ಒಂದು ವಠಾರವಿದೆ. ಎದುರುಬದುರು ಸಾಲು ರೂಮುಗಳು, ನಡುವೆ ಒಂದು ನಲ್ಲಿ. ಕೆಲಸಕ್ಕೆಂದು ಬಿಹಾರ, ಒಡಿಶಾದಿಂದ ಬಂದವರೇ ಹೆಚ್ಚು. ಅಯ್ಯನವರು ನಮ್ಮಲ್ಲಿ ಹಿಟ್ಟು ತೆಗೆದುಕೊಂಡು ಅಲ್ಲಿಗೂ ಹೋಗುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ದೇವರ ಹೆಸರೂ ಬೇರೆ. ಅಲ್ಲೇನು ಕೆಲಸ? ಒಂದು ಶನಿವಾರ ಹಿಂದಿನಿಂದ ಹೋಗಿ ನಲ್ಲಿಯ ಹತ್ತಿರ ನಿಂತು ನೋಡಿದೆ. ಕೊನೆಯ ರೂಮಿನ ಮುಂದೆ ನಿಂತಿದ್ದರು. ಬಾಗಿಲು ಹಾಕಿತ್ತು. ಜಂಗು ಆಡುತ್ತಿತ್ತು. ಒಳಗೆ ಒಡಿಶಾದ ಒಬ್ಬ ಹೆಂಗಸು, ಒಂಟಿ. ಯಾವುದೋ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು. ಪಕ್ಕದ ರೂಮಿನವರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಅವಳನ್ನು ನೋಡಿದ್ದೆ, ಹೆಸರು ಕೇಳಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ಅರ್ಧ ತೆರೆಯಿತು. ಒಂದು ಕೈ ಹೊರಗೆ ಬಂತು. ಕೈಯಲ್ಲಿ ಗೋಧಿಹಿಟ್ಟು.

ಗಂಡಸಿಲ್ಲದ ಮನೆ, ಬಹಳ ಹೊತ್ತು ಆಡುವ ಜಂಗು. ನೀರಿನ ಹತ್ತಿರದ ಆ ನಗು ನನ್ನ ಕಿವಿಗೆ ಬಂತು. ನಾಚಿಕೆಯ ಮಾತು, ಈ ಸಲ ನಗುವವಳ ಜಾಗದಲ್ಲಿ ನಾನಿದ್ದೆ.

ಆ ತಿಂಗಳು ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ. ಚೀಲ ಹಾಕಿಕೊಂಡು ಭಿಕ್ಷೆಗೆ ಬರುವವರ ವೇಷದಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ ಎಂದು. ಯಾವ ಊರಿನ ಸುದ್ದಿಯೋ, ಯಾರು ಹುಟ್ಟಿಸಿದ್ದೋ ಗೊತ್ತಿಲ್ಲ. ನಮ್ಮ ಬೀದಿಯ ಗ್ರೂಪಿಗೆ ನಾನೂ ಎರಡು ಸಾಲು ಹಾಕಿದೆ: "ನಮ್ಮ ಕಡೆಯೂ ಶನಿವಾರ ಜೋಳಿಗೆಯವರು ಬರುತ್ತಾರೆ. ವಠಾರದೊಳಗೆಲ್ಲ ಹೋಗುತ್ತಾರೆ. ಒಸಿ ಹುಷಾರು." ಅಷ್ಟೇ. ಹೆಸರು ಹಾಕಲಿಲ್ಲ, ಸುಳ್ಳು ಹೇಳಲಿಲ್ಲ. ನಲವತ್ತು ವರ್ಷದ ಪರಿಚಯದ ಮನುಷ್ಯರು ಎಂಬುದನ್ನು ಮಾತ್ರ ಬರೆಯಲಿಲ್ಲ. ಮೂಟೆಯ ಬಾಯಲ್ಲಿ ಒಳ್ಳೆಯ ಹಣ್ಣಿಟ್ಟು ಮಾರುವವರನ್ನು ಬೈದೆನಲ್ಲ, ನಾನು ಮಾಡಿದ್ದೂ ಅದೇ ಕೆಲಸ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಬೀದಿಯ ತುದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದಿನಿಂದ ಗದ್ದಲ ಕೇಳಿಸಿತು. ಓಡಿದೆ. ಏಳೆಂಟು ಗಂಡಸರು ಅಯ್ಯನವರನ್ನು ಹೋಟೆಲಿನ ಗೋಡೆಗೆ ಒತ್ತಿ ನಿಲ್ಲಿಸಿದ್ದರು.

"ಎಲ್ಲಿಂದ ಬಂದೆಲಾ? ಆಧಾರ್ ಕಾರ್ಡ್ ತಗಿ!"

"ಚೀಲದಾಗೇನೈತೆ ಸುರೀ ಅತ್ಲಾಗೆ!"

ಒಬ್ಬ ಜೋಳಿಗೆ ಎಳೆದ. ಪಟ್ಟಿ ಹರಿಯಿತು. ಅಷ್ಟೂ ಬಾಗಿಲುಗಳ ಹಿಟ್ಟು ರಸ್ತೆಗೆ ಚೆಲ್ಲಿತು. ಮಕ್ಕಳೂ ಇಲ್ಲ, ಮಾಟವೂ ಇಲ್ಲ, ಬರಿ ಹಿಟ್ಟು. ಅದನ್ನು ಕಂಡ ಮೇಲಾದರೂ ಬಿಡಬೇಕಿತ್ತು. ಇನ್ನೊಬ್ಬ, "ಮತ್ತು ಬರ್ಸೋ ಪುಡಿ ಬೆರ್ಸಿರ್ತನೆ ಕಣ್ರಲಾ, ಬುಡ್ಬೇಡಿ!" ಎಂದು ಕೈಯೆತ್ತಿದ. ಅಯ್ಯನವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೆಳಗೆ ಬಿದ್ದ ಹಿಟ್ಟನ್ನೇ ನೋಡುತ್ತಿದ್ದರು.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಬೀದಿಯಲ್ಲಿ ನನ್ನ ಮಾತಿಗೆ ಬೆಲೆಯಿದೆ. ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಇವರು ನಮ್ಮವರು ಅಂದರೆ ಆ ಮೆಸೇಜು ಯಾಕೆ ಹಾಕಿದೆ ಅನ್ನುತ್ತಾರೆ. ಆ ಎತ್ತಿದ ಕೈ ಇನ್ನೇನು ಬೀಳಬೇಕು, ನಾನು ನನ್ನ ಮರ್ಯಾದೆಯನ್ನೇ ತೂಗುತ್ತಾ ನಿಂತಿದ್ದೆ.

ಅಷ್ಟರಲ್ಲಿ ಗುಂಪಿನ ನಡುವೆ ಯಾರೋ ನುಗ್ಗಿದರು. ಆ ಕೊನೆಯ ರೂಮಿನ ಹೆಂಗಸು. ಯಾರ ಜೊತೆಯೂ ಮಾತಾಡದವಳು, ಬಾಗಿಲನ್ನು ಪೂರ್ತಿ ತೆರೆಯದವಳು. ಅಯ್ಯನವರ ಮುಂದೆ ಅಡ್ಡ ನಿಂತು ಕೂಗಿದಳು, "ಛೋಡೋ! ನಮ್ದು ಅಯ್ನೋರ್! ಶನಿವಾರ್ ಬರ್ತಾರ್, ನಂದು ಆಟಾ, ಹಿಟ್ಟು, ತಗೋತಾರ್!"

"ಏ, ನೀನ್ಯಾರಮ್ಮ ಮದ್ಲು?" ಅಂದ ಒಬ್ಬ.

ಅವಳು ಕೆಳಗೆ ಬಗ್ಗಿ, ರಸ್ತೆಯ ಮೇಲಿನ ಕಂದು ಹಿಟ್ಟಿನ ನಡುವೆ ಒಂದು ಕಡೆ ಬಿಳಿ ಬಿಳಿಯಾಗಿ ಬಿದ್ದದ್ದನ್ನು ಬೆರಳಿಟ್ಟು ತೋರಿಸಿದಳು. "ಯೇ ನಂದು. ನಾನ್ ಕೊಟ್ಟಿದ್ದು. ನನ್ ಕೇಳ್ತಾರ್. ನೀನ್ ಕೇಳ್ತಾನಾ ನನ್ನ? ಯಾವಾಗ್ ಕೇಳ್ತಾನಾ?"

ಆಗ ನನ್ನ ಬಾಯಿ ತೆರೆಯಿತು. "ಕೈ ಇಳಿಸ್ರೋ! ನಮ್ಮೂರ್ ಕಡೆ ಗದ್ದುಗೆ ಅಯ್ನೋರು. ನಂಗೆ ಹುಟ್ಟಿದಾಗ್ಲಿಂದ ಗೊತ್ತು," ಅಂದೆ. ಗುಂಪು ಸಡಿಲಾಯಿತು. "ಮೊದ್ಲೇ ಹೇಳಾದಲ್ವಾ ಅಕ್ಕ" ಎಂದು ಗೊಣಗಿದರು. ನ್ಯಾಯವಾದ ಮಾತೇ.

ಅಯ್ಯನವರು ಏನು ಮಾಡಿದರು ಗೊತ್ತೇ? ಹರಿದ ಪಟ್ಟಿಯನ್ನು ಗಂಟು ಹಾಕಿ ಮತ್ತೆ ಎಡಹೆಗಲಿಗೆ ಹಾಕಿಕೊಂಡರು. ಜೋಳಿಗೆ ಎಳೆದವನ ಕಡೆಗೇ ತಿರುಗಿ, "ಎಲ್ರದೂ ಚೆಲ್ಲೋಯ್ತು. ಮತ್ತೆ ಮದ್ಲಿಂದ ಎತ್ಬೇಕು. ನಿಮ್ಮನೆ ಯಾವ್ದಪ್ಪ? ಒಂದ್ ಹಿಡಿ ಹಿಟ್ಟು ಕೊಡು," ಅಂದರು. ಅವನು ತಲೆ ತಗ್ಗಿಸಿ ಹೋಗಿ ತಂದ. "ಸೇರ್ತು ಕಣಪ್ಪ." ಕೈಯೆತ್ತಿದವನ ಮನೆಯದೂ ಸೇರಿತು. ಇಡ್ಲಿ ಹೋಟೆಲಿನವರು ಅಕ್ಕಿಹಿಟ್ಟು ಕೊಟ್ಟರು. ಬಾಗಿಲು ಬಾಗಿಲಾಗಿ ಎತ್ತಿಕೊಂಡು ನನ್ನ ಗೋಡೌನಿಗೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ನಾನು ಹಿಟ್ಟು ಹಿಡಿದು ನಿಂತಿದ್ದೆ. ಹಾಕಲು ಕೈ ಬರಲಿಲ್ಲ. "ಬುದ್ದಿ, ಫೋನಾಗೆ ಹಾಕಿದ್ದು ನಾನೇಯ," ಅಂದೆ.

"ಗೊತ್ತು ಕಣವ್ವ. ಹಿಡ್ಕಂಡೋರು ಅದ್ನೇ ಹೇಳುದ್ರು, ಹುಣಸೆಹಣ್ಣಿನ ಅಕ್ಕ ಹಾಕವ್ರೆ ಅಂತ."

"ಗೊತ್ತಿದ್ದೂ ಬಂದ್ರಾ?"

"ನಿಮ್ಮವ್ವನೂ ಬಾಗ್ಲು ಹಾಕ್ಕತ್ತಿದ್ಲು. ಬಾಗ್ಲು ಹಾಕೋರ್ನ ಬುಟ್ಟೋದ್ರೆ ನಾನ್ ಊರೆಲ್ಲ ಯಾಕ್ ತಿರುಗ್ಬೇಕು? ತತ್ತಾ, ಬಸ್ಸು ಹೊಂಟೋಯ್ತದೆ."

ಆ ಸೋಮವಾರ ನಾನೇ ಗದ್ದುಗೆಗೆ ಹೋದೆ. ಅವ್ವನ ಜೊತೆ ಹೋದದ್ದು ಬಿಟ್ಟರೆ ಅದೇ ಮೊದಲು. ಪೂರ್ತಿ ನಂಬಿ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಟ್ಟು ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡುವ ಆಸೆಯೂ ಇತ್ತು. ಅಡುಗೆಮನೆಯಲ್ಲಿ ಒಂದು ದೊಡ್ಡ ಮರದ ಮರಿಗೆ. ಜೋಳಿಗೆಯನ್ನು ಅದಕ್ಕೆ ಕೊಡವಿ, ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದರು. ರಾಗಿ, ಅಕ್ಕಿ, ಜೋಳ, ಗೋಧಿ, ಎಲ್ಲ ಒಂದಾಗುತ್ತಿತ್ತು. ಹೊರಗೆ ಸಾಲಿನಲ್ಲಿ ಕೂತವರು ಆಗಲೇ ಎಲೆ ತೊಳೆಯುತ್ತಿದ್ದರು. ಪೂರ್ತಿ ಹಿಟ್ಟಿಗೆ ಎಸರು ಇಟ್ಟಿತ್ತು. ಉಳಿಯುವುದಕ್ಕೆ ಏನೂ ಇರಲಿಲ್ಲ.

"ಗೋಧಿ ಜಾಸ್ತಿ ಆಗೈತೆ ಈಗ. ಮುದ್ದೆ ಅಂಟ್ತದೆ, ನುಂಗಾಕೆ ಬರಾಕಿಲ್ಲ ಅಂತ ಮುದುಕ್ರೆಲ್ಲ ಬಯ್ತವ್ರೆ," ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಒಂದು ಹಿಡಿ ಎತ್ತಿ ನನ್ನ ಮುಂದೆ ಹಿಡಿದರು. "ಹಣ್ಣು ಮುಟ್ಟಿ ಯಾವ್ ಮರದ್ದು ಅಂತ ಹೇಳ್ತೀಯಂತಲ್ಲ. ಇದ್ರಾಗೆ ನಿನ್ ಹಿಟ್ಟು ಯಾವ್ದು ತೋರ್ಸು."

ನೋಡಿದೆ. ಬೆರಳಲ್ಲಿ ಉಜ್ಜಿ ನೋಡಿದೆ. "ಗೊತ್ತಾಗಾಕಿಲ್ಲ ಬುದ್ದಿ."

"ನಂಗೂ ಗೊತ್ತಾಗಾಕಿಲ್ಲ. ಗದ್ದುಗೆ ಒಳಗ್ ಕುಂತವ್ನಿಗೆ ಗೊತ್ತಾಯ್ತದೆ. ಒಂದ್ ಮನೇದು ಕಮ್ಮಿ ಆಗ್ಲಿ, ಆ ಬಾಗ್ಲು ಯಾಕ್ ಬುಟ್ಟೆ ಅಂತ ಕೇಳ್ತನೆ. ನಾನೇನ್ ಭಿಕ್ಷೆಗೆ ಬತ್ತಿದ್ನಾ ನಿಮ್ಮನೇಗೆ? ಅವ್ನು ಕಳಿಸ್ತಿದ್ದ, ಬತ್ತಿದ್ದೆ."

"ಇರೋರ್ ಮನೇದು ಸಾಕಲ್ವಾ ಅವ್ನಿಗೆ? ಕಲ್ಲು ಗುಡಿಸಿದ್ದೂ ಬೇಕಾ?"

"ಕೊಡೋರ್ ತಾವ ಎಲ್ರೂ ಕೇಳ್ತರೆ. ನಿನ್ ತಾವ ಏನೂ ಇಲ್ಲ, ನೀನ್ ಬ್ಯಾಡ ಅಂದ್ಬುಟ್ರೆ ಆ ಮನುಷ್ಯಂಗೆ ಹೆಂಗಾಗ್ಬೇಡ? ಅದ್ಕೇಯ ಅವ್ನು ಎಲ್ರ ತಾವನೂ ಕೇಳಾದು," ಅಂದು ಮತ್ತೆ ಕಲಸತೊಡಗಿದರು.

ನಾನು ಸಾಲಿನಲ್ಲಿ ಕೂತು ಉಂಡೆ. ಮುದ್ದೆ ನಿಜಕ್ಕೂ ಅಂಟುತ್ತಿತ್ತು. ವಂತಿ ಎತ್ತುವವರು ತಿರುಗಿಹೋದ ದಿನಗಳಲ್ಲಿ ಒಲೆ ಮುಂದೆ ಕೂತಿರುತ್ತಿದ್ದ ಅವ್ವ ನೆನಪಾದಳು. ಊರು ನಮ್ಮ ಮೇಲೆ ಕರುಣೆ ತೋರಿಸಿ ನಮ್ಮನ್ನು ಬಿಟ್ಟಿತ್ತು. ಇವರು ಕರುಣೆ ತೋರಿಸದೆ ಕೇಳಿದ್ದರು. ಯಾವುದು ದೊಡ್ಡದು ಎಂದು ನನ್ನ ವ್ಯಾಪಾರದ ಬುದ್ಧಿಗೆ ನಲವತ್ತು ವರ್ಷ ಹೊಳೆದಿರಲಿಲ್ಲ.

ಅಯ್ಯನವರು ಹೋದ ಮಾಘದಲ್ಲಿ ಹೋದರು. ಮುಂಚಿನ ಶನಿವಾರ ಬಿಡದಿಗೆ ಬಂದು ಹೋಗಿದ್ದರು. ಸೋಮವಾರ ಎಡೆ ಮಾಡಿ, ಎಲ್ಲರೂ ಉಂಡ ಮೇಲೆ ಗದ್ದುಗೆಯ ಕಟ್ಟೆಗೆ ಒರಗಿ ಕೂತವರು ಏಳಲಿಲ್ಲ. ಸಮಾಧಿಗೆ ಕೂರಿಸುವಾಗ ನಾನು ನೋಡಿದೆ, ಎಡಹೆಗಲು ಹಾಗೆಯೇ ಎರಡು ಬೆರಳು ಕೆಳಗಿತ್ತು. ಆ ತಗ್ಗಿನಲ್ಲಿ ನಮ್ಮ ಅವ್ವನ ಚಿಟಿಕೆಯ ಭಾರವೂ ಇತ್ತು.

ಹನ್ನೊಂದನೆಯ ದಿನದ ಆರಾಧನೆಗೆ ಹಿಟ್ಟು ಬೇಕು, ಎಲ್ಲ ಬಾಗಿಲಿನದೂ ಸೇರಬೇಕು ಎಂದು ಗದ್ದುಗೆಯವರು ಹೇಳಿಕಳಿಸಿದರು. ನನ್ನ ಕೈ ಅಭ್ಯಾಸದಂತೆ ಫೋನಿಗೆ ಹೋಯಿತು, ಅಂಗಡಿಗೆ ಹೇಳಿ ಎರಡು ಮೂಟೆ ಹಾಕಿಸಿಬಿಡೋಣ ಎಂದು. ಆಮೇಲೆ ಫೋನು ಇಟ್ಟು, ಹುಣಸೆಹಣ್ಣು ತುಂಬುವ ಒಂದು ಬಟ್ಟೆಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ವಠಾರಕ್ಕೆ ಹೋದೆ.

ನನ್ನ ಮಾತು ಕೇಳಿ, ಕೊಡುವುದು ಸುಲಭ. ಚೌಕಾಸಿ ಮಾಡಿ ಕೊಳ್ಳುವುದು ಇನ್ನೂ ಸುಲಭ. ಏನೂ ಎದುರಿಗಿಡದೆ ಒಬ್ಬರ ಬಾಗಿಲಲ್ಲಿ ನಿಂತು ಕೇಳಿ ನೋಡಿ, ಆಗ ತಿಳಿಯುತ್ತದೆ. ಮೊದಲ ಬಾಗಿಲಿನಲ್ಲೇ ನಾನು ಚೀಲದ ಬಾಯಿಯನ್ನು ಎರಡು ಸಲ ಮಡಚಿ, ಎರಡು ಸಲ ಬಿಚ್ಚಿದೆ.

ಕೊನೆಯ ರೂಮಿನ ಬಾಗಿಲು ಹಾಕಿತ್ತು. ನನ್ನ ಕಾಲಿನಲ್ಲಿ ಜಂಗು ಇರಲಿಲ್ಲ, ಬಾಗಿಲು ತಟ್ಟಿದೆ. ಅರ್ಧ ತೆರೆಯಿತು. ಅವಳು ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಗೊತ್ತು. ನಾನು ಜೀವನಪೂರ್ತಿ ಅಯ್ಯನವರನ್ನು ನೋಡಿದ ನೋಟ ಅದು.

"ಯಾಕ್?" ಅಂದಳು.

"ಅಯ್ನೋರ್ ಹೋಗ್ಬುಟ್ರು. ಅವ್ರ ಎಡೆಗೆ. ಒಂದ್ ಹಿಡಿ ಹಿಟ್ಟು."

ಅವಳು ಅಲ್ಲಾಡಲಿಲ್ಲ. ನಾನೂ ಹೋಗಲಿಲ್ಲ. ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು, ತಳ ಕೆರೆದ ಸದ್ದೂ ಆಯಿತು. ಬಂದು ಚೀಲಕ್ಕೆ ಹಿಟ್ಟು ಹಾಕಿದಳು. ಹಾಕಿದವಳು ಒಳಗೆ ಹೋಗಲಿಲ್ಲ, ಬಾಗಿಲು ಹಾಕಲೂ ಇಲ್ಲ. ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು. ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಸೇರ್ತು ಕಣವ್ವ," ಅಂದೆ.

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.